ಹಾಳೆಯ ಹಿಂಬದಿಯ ಐವತ್ತನಾಲ್ಕು ಕಿಲೋ

೨೦೦೪ರಲ್ಲಿ ನಾನು ದೆಹಲಿಯಲ್ಲಿ ಸೈನಿಕ ಕುಟುಂಬಗಳ ಒಂದು ಕ್ಲಿನಿಕ್ಕಿನಲ್ಲಿ ಡಯಟೀಷಿಯನ್ ಆಗಿದ್ದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ಎರಡು ಸಲ ಮನೆಗೆ ಮರಳುವವಳು ನಾನು. ಗರ್ಭಿಣಿಯರ ತೂಕ ನೋಡುವ ಕೆಲಸ ನನಗೇ ಸಿಕ್ಕಿದ್ದು ಅವರ ದುರದೃಷ್ಟ.

ಕೊಡಗಿನ ದೇಚಮ್ಮ ಮೂರನೇ ತಿಂಗಳಲ್ಲಿ ಬಂದಾಗ ಐವತ್ತೆರಡು ಕಿಲೋ ಇದ್ದರು. ಆಹಾರದ ಹಾಳೆಯೊಂದನ್ನು ಕೊಟ್ಟು ಕಳಿಸಿದೆ. ಆಮೇಲೆ ಆಕೆ ಬರಲಿಲ್ಲ. ಕರೆಸಬೇಕೆಂದು ಚಿಂತಿಸುತ್ತಲೇ ಇದ್ದೆ, ಕರೆಸಲಿಲ್ಲ. ಏಳನೇ ತಿಂಗಳಲ್ಲಿ ಡಾಕ್ಟರೇ ಆಕೆಯನ್ನು ನನ್ನ ಬಳಿ ಕಳಿಸಿದರು. ತೂಕ ಐವತ್ತನಾಲ್ಕು. ಅಷ್ಟರಲ್ಲಿ ಆರೇಳು ಕಿಲೋ ಏರಿರಬೇಕಿತ್ತು. ಸ್ಕ್ಯಾನಿನಲ್ಲಿ ಮಗು ತಿಂಗಳಿಗೆ ತಕ್ಕಷ್ಟು ಬೆಳೆದಿರಲಿಲ್ಲ.

ಹೆದರಿಕೆಯಾದರೆ ನನಗೆ ಕೋಪ ಬರುತ್ತದೆ. ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, “ಫಿಗರ್ ಹಾಳಾಗುತ್ತೆ ಅಂತ ಮಗೂನ ಉಪವಾಸ ಕೆಡವಿದ್ದೀರಾ?” ಎಂದೆ.

ದೇಚಮ್ಮ ಅಳಲಿಲ್ಲ. ಚೀಲದಿಂದ ನನ್ನದೇ ಹಾಳೆ ತೆಗೆದು, ಹಿಂಬದಿ ತಿರುವಿ ಮೇಜಿನ ಮೇಲಿಟ್ಟರು. “ಇದು ಯಾರು ಕೊಟ್ಟದ್ದು ಮೇಡಂ? ಜೋರಾಗಿ ಓದಿ. ಅವರಿಗೂ ಕೇಳಲಿ.”

ಕಾಗದ ಉಳಿಸಲೆಂದು ನಾನು ಜವಾನರ ಎತ್ತರ-ತೂಕದ, ತಲೆಬರಹವಿಲ್ಲದ ಹಳೆಯ ಪಟ್ಟಿಗಳ ಹಿಂದೆ ಜೆರಾಕ್ಸ್ ಮಾಡಿಸಿದ್ದೆ. ಸೈನ್ಯದಲ್ಲಿ ತೂಕ ಮಿತಿ ಮೀರಿದರೆ ಮೆಡಿಕಲ್ ಕೆಟಗರಿ ಇಳಿಯುತ್ತದೆ, ಬಡ್ತಿ ನಿಲ್ಲುತ್ತದೆ. ಆಕೆಯ ಗಂಡ ಮೇಜರ್‌ಗೆ ಒಮ್ಮೆ ಹಾಗೆ ಆಗಿಯೂ ಇತ್ತು. ಇದು ಕ್ಲಿನಿಕ್ಕೇ ಹಾಕಿದ ಮಿತಿಯೆಂದುಕೊಂಡು, ಗಡಿಗೆ ಹೊರಡುವ ಮುನ್ನ ಆತ ಹೆಂಡತಿಯ ಎತ್ತರದ ಎದುರಿನ ಐವತ್ತನಾಲ್ಕಕ್ಕೆ ಕೆಂಪು ಗೆರೆ ಎಳೆದಿದ್ದರು. ಪ್ರತಿ ಭಾನುವಾರ ಫೋನಿನಲ್ಲಿ ತೂಕದ ವರದಿ ಕೇಳುತ್ತಿದ್ದರು. ಎಷ್ಟು ಏರಬೇಕೆಂದು ಮುಂಬದಿಯಲ್ಲಿ ನಾನು ಬರೆದೇ ಇರಲಿಲ್ಲ.

“ನನಗೆ ಹಸಿವಾಗ್ತಿತ್ತು,” ಎಂದರು ದೇಚಮ್ಮ. “ಹಾಳೆ ನಿಮ್ಮದು ಅಂತ ನಂಬಿದೆ.”

ಅಲ್ಲಿಂದಲೇ ಮೇಜರ್‌ಗೆ ಫೋನ್ ಮಾಡಿದೆ. “ಆ ಪಟ್ಟಿ ಜವಾನರದ್ದು ಸರ್. ತಪ್ಪು ನನ್ನದು. ಇವರು ಒಟ್ಟು ಹತ್ತು-ಹನ್ನೆರಡು ಕಿಲೋ ಏರಬೇಕು.”

ಮೇಜರ್ ಸಿಡಿದರು. “ನನ್ನ ಕೈಯಿಂದಲೇ ಅವಳನ್ನ ಉಪವಾಸ ಕೆಡವಿಸಿದ್ರಿ. ಕಂಪ್ಲೇಂಟ್ ಬರೀತೀನಿ.”

“ಬರೀರಿ. ಮೊದಲು ಊಟ ಮಾಡು ಅಂತ ಹೇಳಿ.”

ಫೋನು ದೇಚಮ್ಮನ ಕೈಗೆ ಹೋಯಿತು. “ಇನ್ನೊಂದು ಸಲ ತೂಕ ಕೇಳಿದ್ರೆ ಫೋನ್ ಇಡ್ತೀನಿ,” ಎಂದು ಆಕೆ ಗಂಡನಿಗೂ ಬಿಸಿ ಮುಟ್ಟಿಸಿದರು.

ಮುಂದೆ ವಾರವಾರವೂ ಬಂದರು. ತೂಕದ ಯಂತ್ರ ಹತ್ತಿ ಇಳಿದು, ನನ್ನೊಡನೆ ಮಾತಾಡದೆ ಹೋಗುತ್ತಿದ್ದರು. ಹೆರಿಗೆಯ ಹೊತ್ತಿಗೆ ಇನ್ನೂ ಐದು ಕಿಲೋ ಏರಿತ್ತು. ಮೇಜರರ ಕಂಪ್ಲೇಂಟೂ ಬಂತು, ನನಗೆ ಎಚ್ಚರಿಕೆಯ ಪತ್ರವೂ ಬಂತು. ನ್ಯಾಯವೇ.

ಹೆಣ್ಣುಮಗು, ಎರಡು ಕಿಲೋ ಮುನ್ನೂರು ಗ್ರಾಂ. ಸಣ್ಣದು, ಆದರೆ ಗಟ್ಟಿ ಗಂಟಲು. ವಾರ್ಡಿಗೆ ಹೋಗಿ ಎತ್ತಿಕೊಳ್ಳಲು ಕೈ ಚಾಚಿದೆ.

“ನೀವು ಬೇಡ,” ಎಂದರು ದೇಚಮ್ಮ. “ತೂಕ ಸಿಸ್ಟರ್ ನೋಡ್ತಾರೆ.”

ಆಮೇಲೆ ಯಾವ ಗರ್ಭಿಣಿಯನ್ನೂ ‘ಯಾಕೆ ತಿನ್ನಲಿಲ್ಲ’ ಎಂದು ನಾನು ಕೇಳಿಲ್ಲ. ‘ತಿನ್ನಬೇಡ ಅಂದವರು ಯಾರು’ ಎಂದು ಕೇಳುತ್ತೇನೆ. ಉತ್ತರ ನಾನೇ ಆಗಿರಬಹುದೆಂದು ಗೊತ್ತಿದ್ದೇ ಕೇಳುತ್ತೇನೆ.