ಗೊತ್ತಿಲ್ಲ ಅನ್ನುವುದನ್ನು ಕಲಿಸಿದ ಮನೆ

ಅಟ್ಟದ ತುಂಬ ಕೊಬ್ಬರಿಗಿಟ್ಟ ಕಾಯಿ ಇದ್ದರೂ, ಕೇಳಿದವರಿಗೆ "ಈ ಸಲ ಎಲ್ಲಿ ಬಂತು ಬುಡಿ" ಎನ್ನುವ ಮನೆ ನಮ್ಮದು. ಬಿಳಿಗೆರೆ ಕಡೆಯ ತೋಟದವರೆಲ್ಲ ಹಾಗೇ. ಇದ್ದದ್ದನ್ನು ಇದೆ ಎಂದರೆ ಕಣ್ಣು ಬೀಳುತ್ತದೆಂಬ ಹೆದರಿಕೆ. ನಾಲ್ಕು ತುಂಬುವ ಮೊದಲೇ ಮಗಳು ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಕಣ್ಣಿಗೆ ಬಿದ್ದದ್ದೆಲ್ಲ ಓದತೊಡಗಿದಾಗ ಅತ್ತೆ ಆ ಹೆದರಿಕೆಯನ್ನು ಅವಳಿಗೂ ಅಂಟಿಸಿದರು.

"ಹೊರಗಿನೋರು ಏನ್ ಕೇಳಿದ್ರೂ ಗೊತ್ತಿಲ್ಲ ಅನ್ನು ಕಣವ್ವ."

ಒಳಗೊಳಗೆ ನನಗೂ ಅದೇ ಹೆದರಿಕೆ.

ಒಂದನೇ ಕ್ಲಾಸಿಗೆ ಸೇರಿಸುವ ಕಾಲ ಬಂತು. ಚುರುಕು ಮಕ್ಕಳಿಗೆ ಅದೇ ಸರಿ ಎಂದು ಎಲ್ಲರೂ ಹೇಳುತ್ತಿದ್ದ ತಿಪಟೂರಿನ ದೊಡ್ಡ ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಕರೆದುಕೊಂಡು ಹೋದೆ. ಹೆಡ್ ಮಿಸ್ ಮೆತ್ತಗೆ, ಕನ್ನಡದಲ್ಲೇ, ಚಿತ್ರದ ಪುಸ್ತಕ ತೆರೆದು ಕೇಳಿದರು. "ಇದೇನು ಪುಟ್ಟಿ?"

ಹಸು. ದಿನಾ ನಮ್ಮ ಕೊಟ್ಟಿಗೆಯಲ್ಲಿ ಕಟ್ಟುವ ಹಸು. ಮಗಳು ನನ್ನ ಸೀರೆ ಹಿಡಿದುಕೊಂಡು, "ಗೊತ್ತಿಲ್ಲ" ಎಂದಳು. ಅಂಕಿ ತೋರಿಸಿದರು, ಗೊತ್ತಿಲ್ಲ. ಅಕ್ಷರ ತೋರಿಸಿದರು, ಗೊತ್ತಿಲ್ಲ. ಪ್ರತಿ ಸಲವೂ, ಸರಿಯಾಗಿ ಹೇಳಿದೆನಾ ಎಂಬಂತೆ ನನ್ನ ಮುಖ ನೋಡುತ್ತಿದ್ದಳು.

"ಮಗು ಸ್ವಲ್ಪ ಹಿಂದಿದೆ ಕಣ್ರೀ. ಇನ್ನೊಂದು ವರ್ಷ ಯುಕೆಜಿಲೇ ಇರ್ಲಿ" ಎಂದರು ಅವರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅವರದೇನೂ ತಪ್ಪಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ತೋರಿಸಿ, "ಅದ್ಯಾವೂರಿನ ಬಸ್ಸೇ?" ಎಂದೆ. ತುರುವೇಕೆರೆ ಎಂದು ಒಂದೇ ಉಸಿರಿಗೆ ಓದುತ್ತಿದ್ದವಳು, ಸುತ್ತ ನಿಂತಿದ್ದ ಜನರನ್ನೊಮ್ಮೆ ನೋಡಿ, "ಗೊತ್ತಿಲ್ಲಮ್ಮ" ಎಂದಳು. ಹೀಗೇ ಹೇಳುತ್ತಾ ಹೇಳುತ್ತಾ ಒಂದು ದಿನ ಇವಳಿಗೆ ನಿಜವಾಗಿಯೂ ಗೊತ್ತಿಲ್ಲದೆ ಹೋದರೆ? ಮನೆ ಮುಟ್ಟುವವರೆಗೂ ಅವಳ ಕೈ ಬಿಡಲಿಲ್ಲ.

ನಡೆದದ್ದನ್ನು ಹೇಳಿದಾಗ ಅತ್ತೆ ಪೆಚ್ಚಾದರು. ನಮ್ಮೂರಿನ ಸರ್ಕಾರಿ ಸ್ಕೂಲಿಗೇ ನಾಳೆ ಸೇರಿಸುವುದೆಂದು ನಾನೂ ಗಂಡನೂ ತೀರ್ಮಾನಿಸಿದೆವು. ಅಲ್ಲಿ ಸೇರಿಸಿಕೊಳ್ಳಲು ಪರೀಕ್ಷೆಯಿಲ್ಲ. ಆದರೆ ಸೇರಿದ ಮೇಲೆ ಮೇಷ್ಟ್ರು ದಿನಾ ಕೇಳುವವರೇ. ನನ್ನ ಹೆದರಿಕೆ ಒಂದಿಷ್ಟೂ ಇಳಿಯಲಿಲ್ಲ.

ಸಂಜೆ ಅತ್ತೆ ಉಪ್ಪು, ಮೆಣಸಿನಕಾಯಿ ಹಿಡಿದು ಮಗಳಿಗೆ ದೃಷ್ಟಿ ತೆಗೆಯುತ್ತಿದ್ದರು. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು. "ಅಜ್ಜಿ, ನಾಳೆ ಮೇಷ್ಟ್ರು ಕೇಳಿದ್ರೆ ಗೊತ್ತು ಅನ್ಲಾ, ಗೊತ್ತಿಲ್ಲ ಅನ್ಲಾ?"

ಅತ್ತೆಯ ಕೈ ಅಲ್ಲೇ ನಿಂತಿತು.

"ಗೊತ್ತು ಅನ್ನು ಕಣವ್ವ" ಎಂದರು. ಆಮೇಲೆ ಒಳಗೆ ಹೋಗಿ ಇನ್ನೊಂದು ಹಿಡಿ ಮೆಣಸಿನಕಾಯಿ ತಂದರು.