ಮಾಸ್ತರ ಮೂವತ್ತೇಳು ಸಾವಿರ ಕಿಲೋಮೀಟರು

ಇವತ್ತು ಬೆಳಿಗ್ಗೆ ಯಲ್ಲಾಪುರ ಪೇಟೆ ಇನ್ನೇನು ಬಂತು ಎನ್ನುವಾಗ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದೆ. ಟೈರು ಪಂಚರಾಗಿರಲಿಲ್ಲ, ಎಂಜಿನ್ನೂ ಬಿಸಿಯಾಗಿರಲಿಲ್ಲ. ಮೀಟರಿನಲ್ಲಿ ೯೧,೩೨೨ ಎಂಬ ಅಂಕಿ ಕಂಡಿತು, ಅಷ್ಟೇ. ಇನ್ನು ಹದಿನೆಂಟು ಕಿಲೋಮೀಟರು ಓಡಿದರೆ ೯೧,೩೪೦. ಐವತ್ತಮೂರು ವರ್ಷದ ಸಂಗೀತದ ಟೀಚರು ಒಂದು ಅಂಕಿಗಾಗಿ ಹೀಗೆ ಬೆವರುವುದನ್ನು ನೋಡಿದರೆ ನಿಮಗೆ ನಗು ಬರಬಹುದು. ನಗಿ, ಅಡ್ಡಿಯಿಲ್ಲ. ಆದರೆ ಆ ಅಂಕಿಯ ಕಥೆ ಕೇಳಿದ ಮೇಲೆ ನಗಿ.

ನನ್ನ ಊರು ಭೈರುಂಬೆ. ಸೋಮವಾರ ಶಿರಸಿಯಲ್ಲಿ ಪಾಠ, ಬುಧವಾರ ಸಿದ್ದಾಪುರದಲ್ಲಿ, ಶನಿವಾರ ಯಲ್ಲಾಪುರದಲ್ಲಿ. ಇಪ್ಪತ್ತು ವರ್ಷ ಈ ಮೂರೂ ಊರಿಗೆ ಹಾರ್ಮೋನಿಯಂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಓಡಾಡಿದೆ. ಕಂಡಕ್ಟರುಗಳು "ಅಕ್ಕಾ, ಪೆಟ್ಟಿಗೆ ಮೇಲಿಡಿ" ಎನ್ನುತ್ತಿದ್ದರು. ಒಂದು ಸಲ ಮೇಲಿಟ್ಟೆ. ಇಳಿಸಿದಾಗ ಮಂದ್ರದ ಎರಡು ಸ್ವರ ಮೂಕವಾಗಿದ್ದವು. ಆಮೇಲೆ ಎಷ್ಟೇ ನೂಕುನುಗ್ಗಲಿರಲಿ, ಅದು ನನ್ನ ತೊಡೆಯಿಂದ ಇಳಿಯಲಿಲ್ಲ. ನಲವತ್ತೊಂಬತ್ತು ತುಂಬಿದಾಗ ಮೊಣಕಾಲು ಕೈಕೊಡಲು ಶುರುಮಾಡಿತು. ಇನ್ನು ಕಾರು ಬೇಕು, ಇಲ್ಲವಾದರೆ ಎರಡು ಊರಿನ ಪಾಠ ಬಿಡಬೇಕು. ಬಿಡುವ ಮನಸ್ಸಿರಲಿಲ್ಲ. ಡ್ರೈವಿಂಗ್ ಕಲಿತೆ. ಕಲಿಸಿದವನಿಗೆ ನನ್ನಿಂದಾಗಿ ಎಷ್ಟು ಕೂದಲು ಬೆಳ್ಳಗಾಯಿತೋ, ಆ ಮಾತು ಇಲ್ಲಿ ಬೇಡ.

ಶಿರಸಿಯಲ್ಲಿ ಹಳೇ ಕಾರು ಮಾರುವವರೊಬ್ಬರ ಅಂಗಳದಲ್ಲಿ ಆಕಾಶಬಣ್ಣದ ಒಂದು ಪುಟ್ಟ ಕಾರು ನಿಂತಿತ್ತು. ಕಂಡ ಕೂಡಲೇ ಮನಸ್ಸು ಅದರ ಹಿಂದಿನ ಸೀಟಿನಲ್ಲಿ ಹಾರ್ಮೋನಿಯಂ ಇಟ್ಟು ಆಗಿತ್ತು. ಮಾರುವವರು ಬನವಾಸಿ ಕಡೆಯವರು, ಮಾತು ಬೆಣ್ಣೆ.

"ಬರ್ರಿ ಅಕ್ಕಾರ, ಕುಂದರ್ರಿ. ಗಾಡಿ ಹೂವಿನಂಗ ಐತ್ರಿ. ಒಬ್ರ ಮಾಸ್ತರ್ರು ಇಟ್ಕೊಂಡಿದ್ರು. ಬರೇ ಐವತ್ನಾಕು ಸಾವಿರ ಓಡೇತಿ, ನೋಡ್ರಿ ಮೀಟರ್ನ್ಯಾಗ."

ನಾನು ಅವತ್ತೇ ಹೂಂ ಎನ್ನುತ್ತಿದ್ದೆ. ಆದರೆ ಜೊತೆಗೆ ಭಾವ ಇದ್ದರು. ಭಾವ ಎಂದರೆ ನನ್ನ ಅಕ್ಕನ ಗಂಡ, ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಅವರು ಎಂಜಿನ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಮೊದಲು ಸೀಟಿನ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿದರು. ನೆರೆಯಲ್ಲಿ ಮುಳುಗಿದ ಗಾಡಿಯಾದರೆ ಬೆಲ್ಟಿನ ಒಳತುದಿಯಲ್ಲಿ ಕೆಸರಿನ ಗೆರೆ ಇರುತ್ತದಂತೆ. ಗೆರೆ ಇರಲಿಲ್ಲ. ಕಾಲಡಿಯ ಮ್ಯಾಟು ಎತ್ತಿ ಮೂಸಿದರು. ಆಮೇಲೆ ಬ್ರೇಕಿನ ಪೆಡಲು ಮುಟ್ಟಿ ನೋಡಿ, ಮುಖ ಸಣ್ಣದು ಮಾಡಿಕೊಂಡು ನನ್ನನ್ನು ಆಚೆ ಕರೆದರು.

"ರಬ್ಬರು ನುಣ್ಣಗೆ ಸವದು ಹೋಜು ಮಾರಾಯ್ತಿ. ಮೀಟರಿಗಿಂತ ಪೆಡಲಿಗೇ ವಯಸ್ಸು ಜಾಸ್ತಿ ಕಾಣ್ತು."

ಅಕ್ಕನ ಮಗಳು ಮೊಬೈಲಿನಲ್ಲಿ ಗಾಡಿಯ ನಂಬರು ಹಾಕಿ ತೆರಿಗೆ, ವಿಮೆ, ದಂಡ ಎಲ್ಲ ನೋಡಿ ಎಲ್ಲವೂ ಸರಿ ಇದೆ ಎಂದಿದ್ದಳು. ನಾನು ಅದನ್ನೇ ಹೇಳಿದೆ. ಭಾವ ತಲೆಯಾಡಿಸಿದರು. "ಕಾಗದ ಸುಳ್ಳು ಹೇಳ್ತಿಲ್ಲೆ. ಆದ್ರೆ ಕೇಳಿದ್ದಷ್ಟೇ ಹೇಳ್ತು. ಗಾಡಿ ಬೆಳೆದ ಮನೆಗೆ ಹೋಗಿ ಬಪ್ಪನ."

ಕಾಗದದಲ್ಲಿ ಹಿಂದಿನ ಮಾಲೀಕರ ಊರು ಇಡಗುಂದಿ ಎಂದಿತ್ತು. ಮರುದಿನವೇ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಭಾವ ನನಗೆ ಒಂದೇ ಪಾಠ ಹೇಳಿದರು. ನಮ್ಮ ಕಡೆ ಹೆಣ್ಣು ನೋಡಲಿ, ಎಮ್ಮೆ ನೋಡಲಿ, ವಿಚಾರಿಸಲು ಹೋದ ಮನೆಯಲ್ಲಿ ಏನನ್ನೂ ತಿನ್ನಬಾರದು. ಉಂಡ ಮನೆಯ ಜಂತೆ ಎಣಿಸಬಾರದು ಎಂಬ ಗಾದೆ ನಿಮಗೂ ಗೊತ್ತಿದೆ. ನಾವು ಹೊರಟಿದ್ದೇ ಜಂತೆ ಎಣಿಸಲು. ಹಾಗಾಗಿ ಮೊದಲು ಎಣಿಸಬೇಕು, ಆಮೇಲೆ ಬೇಕಾದರೆ ಉಣ್ಣಬೇಕು.

"ನೀರು ಕುಡಿ, ಸಾಕು. ತಿಂದ ಬಾಯಲ್ಲಿ ಪ್ರಶ್ನೆ ಬತ್ತಿಲ್ಲೆ," ಎಂದರು.

ಮಾಸ್ತರು ಎಪ್ಪತ್ತು ದಾಟಿದ ಸಣಕಲು ಮನುಷ್ಯ. ಕಣ್ಣಿಗೆ ಪೊರೆ ಬಂದದ್ದರಿಂದ ಕಾರು ಕೊಟ್ಟರಂತೆ. ನಾವು ಆ ಕಾರಿನ ಸಲುವಾಗಿ ಬಂದವರು ಎಂದು ಗೊತ್ತಾದದ್ದೇ ತಡ, ಅವರ ಹೆಂಡತಿ ಶಾರದಕ್ಕ ಮಗಳ ಸುದ್ದಿ ಬಂದ ಹಾಗೆ ಹೊರಗೆ ಓಡಿ ಬಂದರು. "ಚಲೋ ಇದ್ದ? ಯಾರಾದ್ರೂ ತೊಳಿತ್ವಾ ಅದನ್ನ?" ಎಂದು ಕೇಳಿದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ತೊಡೆದೇವು. ಕಬ್ಬಿನ ಹಾಲು, ಅಕ್ಕಿಹಿಟ್ಟು ಕಲಸಿ ಮಡಕೆಯ ಬೆನ್ನ ಮೇಲೆ ಕಾಗದದಷ್ಟು ತೆಳ್ಳಗೆ ಹಚ್ಚಿ ತೆಗೆದದ್ದು, ಮೇಲೆ ತುಪ್ಪ. ಭಾವ ನನ್ನನ್ನು ದುರುಗುಟ್ಟಿ ನೋಡಿದರು. ನಾನೂ ಅವರನ್ನು ನೋಡಿದೆ. ಆಮೇಲೆ ತೊಡೆದೇವನ್ನು ನೋಡಿದೆ. ಒಂದಲ್ಲ, ಮೂರು ತಿಂದೆ.

ಭಾವ ಹೇಳಿದ್ದು ಖರೆಯಾಯಿತು. ಬಾಯಲ್ಲಿ ತುಪ್ಪದ ಪಸೆ ಇಟ್ಟುಕೊಂಡು "ಗಾಡಿ ಎಷ್ಟು ಓಡಿತ್ತು, ಏನಾದರೂ ಮುಚ್ಚಿಟ್ಟಿದ್ದೀರಾ" ಎಂದು ಕೇಳಲು ನಾಲಿಗೆ ಏಳಲಿಲ್ಲ. ಆ ಮನೆಯ ಸಿಹಿ, ಆ ಮನೆಯ ಮೇಲೇ ಗುಮಾನಿ! ಭಾವ ಒಬ್ಬರೇ ನೀರಿನ ಲೋಟ ಹಿಡಿದು ಕೂತಿದ್ದರು. ನಾನು ತಿಂದದ್ದರಿಂದ ಅವರ ಬಾಯಿಗೂ ಬೀಗ ಬಿದ್ದಿತ್ತು. ಅಡಿಕೆಯ ದರ, ಯಾರದೋ ಮದುವೆ ಎಂದು ಮಾತು ಎತ್ತಲೋ ಹೋಯಿತು. ಬಂದ ಕೆಲಸ ಕೆಟ್ಟಿತು ಎಂದು ನಾಚಿಕೆಯಾಗಿ, ಕೈ ತೊಳೆಯುವ ನೆವದಲ್ಲಿ ಎದ್ದೆ.

ಬಚ್ಚಲಿಗೆ ಹೋಗುವ ಓಣಿಯ ಗೋಡೆಯ ಮೇಲೆ ಒಂದು ಮೊಳೆ. ಮೊಳೆಗೆ ಎಂಟು ವರ್ಷದ ಕ್ಯಾಲೆಂಡರುಗಳು ಒಂದರ ಮೇಲೊಂದು ನೇತಾಡುತ್ತಿದ್ದವು, ದಾರ ಕಟ್ಟಿದ ಒಂದು ಮೋಟು ಪೆನ್ಸಿಲ್ ಸಮೇತ. ಒದ್ದೆ ಕೈಯಲ್ಲೇ ತಿರುವಿದೆ. ಕೆಲವು ದಿನಗಳ ಚೌಕದಲ್ಲಿ ಸಣ್ಣ ಅಕ್ಷರ. "ಎಣ್ಣೆ ಬದಲು. ೭೨,೧೦೦." "ಬನವಾಸಿ, ಶಾರದೆಯ ತಂಗಿಯ ಮನೆ. ೭೮,೬೧೫." "ಸಹಸ್ರಲಿಂಗ. ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತೆವು. ೮೩,೦೪೦." ಕಡೆಯದು ಆರು ತಿಂಗಳ ಹಿಂದಿನದು: "ಗಾಡಿ ಕೊಟ್ಟಾತು. ೯೧,೩೪೦."

ಅಂಗಡಿಯಲ್ಲಿ ಕಂಡದ್ದು ಐವತ್ತನಾಲ್ಕು ಸಾವಿರದ ಮುನ್ನೂರು ಚಿಲ್ಲರೆ. ಈಗ ನಾಚಿಕೆ ಗೀಚಿಕೆ ಒಂದೂ ಉಳಿಯಲಿಲ್ಲ. "ಭಾವಾ!" ಎಂದು ಅಲ್ಲಿಂದಲೇ ಕೂಗಿದೆ.

ಮೀಟರಿನ ಸಂಗತಿ ಕೇಳಿ ಮಾಸ್ತರು ಎದ್ದು ಓಣಿಗೆ ಬಂದರು. "ಆನೇ ಬರದ್ದಿ. ಒಂದು ಸಲನೂ ತಪ್ಸಿದ್ನಿಲ್ಲೆ," ಎಂದು ಕ್ಯಾಲೆಂಡರಿನಲ್ಲಿದ್ದ ತಮ್ಮ ಅಕ್ಷರದ ಮೇಲೆ ಕೈಯಿಟ್ಟರು, ಯಾರೋ ಅವರನ್ನೇ ಸುಳ್ಳುಗಾರ ಎಂದ ಹಾಗೆ. ಶಾರದಕ್ಕ ಬಾಗಿಲಿಗೆ ಒರಗಿ ನಿಂತಿದ್ದರು.

"ಅಷ್ಟೂ ಅಳಿಸಿಬಿಟ್ವಾ? ಹಂಗಾರೆ ಯಂಗ ಇಬ್ರೂ ಎಲ್ಲೂ ಹೋಗಿದ್ದೇ ಇಲ್ಲೆ ಹೇಳಿ ಆತಲ!"

ಅವರು ನಗುತ್ತಲೇ ಅಂದರು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಮೋಸ ಹೋಗಲಿದ್ದವಳು ನಾನು. ಆದರೆ ಕಳಕೊಂಡವರು ಇವರು ಎಂದು ಆ ಕ್ಷಣಕ್ಕೆ ಅನ್ನಿಸಿತು. ಬನವಾಸಿಯ ತಂಗಿಯ ಮನೆ, ಹೊಳೆಯಲ್ಲಿ ಇಳಿಬಿಟ್ಟ ಕಾಲು, ಎಲ್ಲವನ್ನೂ ಯಾರೋ ಒಂದು ಗಳಿಗೆಯಲ್ಲಿ ಒರೆಸಿ ಹಾಕಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಭಾವ ಖಡಾಖಂಡಿತವಾಗಿ ಹೇಳಿದರು. "ಬ್ಯಾಡ ತಂಗಿ. ಬೇರೆ ಗಾಡಿ ನೋಡನ."

"ಭಾವ, ಎಂಟು ವರ್ಷದ ಎಣ್ಣೆ, ಪಂಚರು ಎಲ್ಲ ಗೊತ್ತಿದ್ದ ಗಾಡಿ ಬಿಟ್ಟು, ಎಂತದೂ ಗೊತ್ತಿಲ್ಲದ್ದು ತಗಳವಾ? ಸುಳ್ಳು ಹೇಳಿದ್ದು ಗಾಡಿ ಅಲ್ಲ."

ಭಾವ ಕಿಟಕಿಯ ಕಡೆ ತಿರುಗಿ ಕೂತರು. ಮಂಚಿಕೇರಿ ಬಂದ ಮೇಲೆ, "ಅದೂ ಹೌದು," ಎಂದರು.

ಮಾರುವವರ ಮುಂದೆ ನಾನು ಕ್ಯಾಲೆಂಡರಿನ ಫೋಟೋ ಹಿಡಿದೆ. ಅವರು ನೋಡಿದರು, ದೊಡ್ಡದು ಮಾಡಿ ಇನ್ನೊಮ್ಮೆ ನೋಡಿದರು. "ನಾ ತಿರುವಿಲ್ರಿ ಅಕ್ಕಾರ. ನಡುವೆ ಒಬ್ಬಾಂವನ ಕೈ ದಾಟಿ ಬಂದೈತ್ರಿ, ನನಗ ಬಂದಾಗ್ಲೇ ಹಿಂಗ ಇತ್ತು." ಅದು ನಿಜವೋ ಸುಳ್ಳೋ ನನಗೆ ಇಂದಿಗೂ ಗೊತ್ತಿಲ್ಲ. ದರವನ್ನಂತೂ ನಾನು ಕೇಳುವ ಮೊದಲೇ ಇಳಿಸಿದರು. ಇಷ್ಟು ಸಾಲದು ಎಂಬಂತೆ, "ಬೇಕಾದ್ರ ಮೀಟರ್ ಮತ್ತ ಮುಂದ ತಿರುವಿ ಸರಿ ಮಾಡಿಸಿ ಕೊಡ್ಲೇನ್ರಿ?" ಎಂದೂ ಕೇಳಿದರು.

"ಬೇಡ," ಎಂದೆ. "ಅದನ್ನ ನಾನೇ ಓಡಿಸಿ ಸರಿ ಮಾಡ್ತೇನೆ."

ಯಾವ ಧೈರ್ಯದ ಮೇಲೆ ಅಂದೆನೋ! ಆವರೆಗೆ ನಾನು ಒಬ್ಬಳೇ ಓಡಿಸಿದ್ದು ಹೆಚ್ಚೆಂದರೆ ಹತ್ತು ಕಿಲೋಮೀಟರು. ಮೊದಲ ದಿನ ಸಿದ್ದಾಪುರಕ್ಕೆ ಹೊರಟವಳು ಕೋಲಸಿರ್ಸಿಯ ಹತ್ತಿರ ಒಂದು ಎಮ್ಮೆ ರಸ್ತೆ ದಾಟಲಿ ಎಂದು ಎಷ್ಟೋ ಹೊತ್ತು ಕಾದೆ. ಎಮ್ಮೆ ನಿಂತೇ ಇತ್ತು, ನನಗಾಗಿ ಕಾಯುತ್ತಿತ್ತೋ ಏನೋ. ಹಾರ್ಮೋನಿಯಂ ಮಾತ್ರ ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ರಾಣಿಯ ಹಾಗೆ ಕೂತಿತ್ತು. ಇದು ನಾಲ್ಕು ವರ್ಷದ ಹಿಂದಿನ ಮಾತು. ಆಮೇಲೆ ಇಡಗುಂದಿಗೂ ಆಗಾಗ ಹೋಗಿ ಬರುತ್ತಿದ್ದೆ.

ಇವತ್ತು ಯಲ್ಲಾಪುರದ ಮಕ್ಕಳಿಗೆ ಪಾಠ ಮಧ್ಯಾಹ್ನ ಎಂದು ಫೋನು ಮಾಡಿ, ಪೇಟೆ ದಾಟಿ ನೇರ ಇಡಗುಂದಿಗೆ ಬಿಟ್ಟೆ. ಮಾಸ್ತರ ಅಂಗಳದಲ್ಲಿ ನಿಲ್ಲಿಸಿದಾಗ ಒಂದೇ ಒಂದು ಕಿಲೋಮೀಟರು ಬಾಕಿ. ಶಾರದಕ್ಕ ಎಂದಿನಂತೆ ತಟ್ಟೆ ಹಿಡಿದು ಬಂದರು. "ಆಮೇಲೆ ಅಕ್ಕಾ, ಮೊದಲು ಹತ್ತಿ," ಎಂದು ತಟ್ಟೆಯ ಸಮೇತ ಅವರನ್ನು ಹಾರ್ಮೋನಿಯಂ ಪಕ್ಕ ಕೂರಿಸಿದೆ. ಪೊರೆ ತೆಗೆಸಿಕೊಂಡ ಮಾಸ್ತರು ಮುಂದೆ ಕೂತು, ಕನ್ನಡಕ ಒರೆಸಿ, ಮೀಟರಿಗೆ ಮೂಗು ತಾಗುವಷ್ಟು ಬಗ್ಗಿದರು. ರಸ್ತೆಯ ತಿರುವಿನಲ್ಲಿ ಅಂಕಿ ಬದಲಾಯಿತು. ೯೧,೩೪೦.

ನಾನು ಹೋ ಎಂದು ಕೂಗಿ ಹಾರನ್ ಒತ್ತಿದೆ. ಗದ್ದೆಯಲ್ಲಿದ್ದವರು ತಲೆಯೆತ್ತಿ ನೋಡಿದರು.

"ಹಂಗಾರೆ ಯಂಗ ಹೋಗಿ ಬಂದಿದ್ದು ಹೌದಾತು," ಎಂದರು ಶಾರದಕ್ಕ ಹಿಂದಿನಿಂದ. ಕನ್ನಡಿಯಲ್ಲಿ ನೋಡಿದರೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಕಣ್ಣೂ ಒದ್ದೆ, ರಸ್ತೆ ಮಸುಕು ಮಸುಕು. ಪಕ್ಕಕ್ಕೆ ನಿಲ್ಲಿಸಿ, ಹಿಂದೆ ಕೈ ಚಾಚಿ ತಟ್ಟೆಯಿಂದ ಒಂದು ತೊಡೆದೇವು ತೆಗೆದುಕೊಂಡೆ. ಇವತ್ತು ಕೇಳಬೇಕಾದ ಪ್ರಶ್ನೆ ಒಂದೂ ಇರಲಿಲ್ಲ.

ಮಾಸ್ತರು ಮಾತ್ರ ಮೀಟರಿನಿಂದ ಕಣ್ಣು ತೆಗೆದಿರಲಿಲ್ಲ. "ನಿಲ್ಸಡ, ಹೋಪನ," ಎಂದರು. "ಇನ್ನೊಂದು ಕಿಲೋಮೀಟರು ಹೋದ್ರೆ ಕ್ಯಾಲೆಂಡರಲ್ಲಿ ಬರಕಂಬಲೆ ಹೊಸಾದು ಸಿಕ್ತು."