ಗೇಮಿಗೊಂದು ಲಾಗ್‌ಬುಕ್

ಕಳೆದ ಭಾನುವಾರ ಮಧ್ಯಾಹ್ನ ನಾನು ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುತ್ತಿದ್ದರೆ, ನನ್ನ ಮಾವನವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಕನ್ನಡಕ ಏರಿಸಿ, ನೋಟ್‌ಬುಕ್ಕಿನಲ್ಲಿ ರೀಡಿಂಗ್ ಬರೆಯುತ್ತಿದ್ದರು. ನಗಬೇಡಿ. ಈ ಫಜೀತಿ ತಂದುಕೊಂಡದ್ದು ನಾನೇ.

ಬೇಗಂಪೇಟೆಯ ನಮ್ಮ ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಎಲ್ಲರೂ ರೇಸ್ ಆಡುತ್ತೇವೆ (ಮ್ಯಾನೇಜರ್ ಕೂಡ ಆಡುತ್ತಾರೆ, ಹಾಗಾಗಿ ಇದು ಟೀಮ್ ಬಿಲ್ಡಿಂಗ್). ದಿನಾ ಕೊನೆಗೆ ಬರುವವನು ನಾನು. ಮನೆಯಲ್ಲಿ ಪ್ರಾಕ್ಟೀಸ್ ಮಾಡಿದರೂ ಅದೇ ಕಥೆ. ತಿರುವು ಬಂತೆಂದರೆ ಕಾರು ಸೀದಾ ಗೋಡೆಗೆ. ತಪ್ಪು ಯಾರದು? ಇನ್ಯಾರದು, ಕಂಪ್ಯೂಟರಿನದು!

ಪರದೆಯಲ್ಲಿ ಚಿತ್ರ ಚುರುಕಾಗಿ ಮೂಡಿಸುವ ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು ಎಂದು ಹೆಂಡತಿ ಸುನೀತಾಗೆ ದುಂಬಾಲು ಬಿದ್ದೆ. ಇರುವುದಕ್ಕೆ ಏನಾಗಿದೆ, ಮೊದಲು ತೋರಿಸಿ ಅಂದಳು. ಸರಿ, ಒಂದು ಪುಟ್ಟ ಸಾಫ್ಟ್‌ವೇರ್ ಹಾಕಿದೆ. ಆಡುವಾಗ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿವೆ, ಯಂತ್ರ ಎಷ್ಟು ಬಿಸಿಯಾಗಿದೆ ಎಂದು ಪರದೆಯ ಮೂಲೆಯಲ್ಲಿ ಅಂಕಿ ತೋರಿಸುತ್ತದೆ. ಚಿತ್ರದ ಅಂಕಿ ಇಳಿದಾಗಲೇ ಕಾರು ಗುದ್ದುತ್ತದೆ ಎಂಬುದು ನನ್ನ ವಾದ.

ಮಾವನವರು ಬೀದರ್ ಕಡೆಯವರು. ಇಲ್ಲಿನ ಕಾರ್ಖಾನೆಯೊಂದರ ಕಂಟ್ರೋಲ್ ರೂಮಿನಲ್ಲಿ ಮೀಟರ್ ನೋಡುತ್ತಲೇ ರಿಟೈರ್ ಆದವರು. ಅಂಕಿ ಕುಣಿಯುವುದು ಕಂಡದ್ದೇ ತಡ, ಲಾಗ್‌ಬುಕ್ ಎಲ್ಲೈತಿ ಎಂದು ಕೇಳಿದರು. ಇಲ್ಲ ಎಂದೆ. ಮೀಟರ್ ಇಟ್ಟು ಲಾಗ್ ಇಡದಿದ್ದರೆ ಹೇಗೆ ಎಂದು (ಹೊಸ ಅಪ್ರೆಂಟಿಸ್‌ಗೆ ಗದರುವಂತೆ) ಗದರಿ, ಸ್ಕೇಲ್ ಹಿಡಿದು ಗೆರೆ ಎಳೆದೇಬಿಟ್ಟರು. ಸಮಯ, ಚಿತ್ರ, ಬಿಸಿ, ಷರಾ. ನಾನು ಒಳಗೊಳಗೇ ಹಿಗ್ಗಿದೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಒಂದು ಗಂಟೆ ಆಡಿದೆ. ಹದಿನೇಳು ಸಲ ಗುದ್ದಿದೆ. ಪ್ರತಿ ಸಲವೂ ಅಂಕಿ ನೋಡಿ, ಅಂಕಿ ನೋಡಿ ಎಂದು ಬಡಕೊಂಡೆ. ಅವರು ನೋಡಿದರು, ಬರೆದರು, ಕೊನೆಗೆ ಪುಸ್ತಕ ನನ್ನ ಮುಂದೆ ಹಿಡಿದರು. ಹದಿನೇಳು ಸಲವೂ ಅಂಕಿ ಕದಲಿರಲಿಲ್ಲ. ಇಳಿದದ್ದು ಒಂದೇ ಸಲ. ಆ ತಿರುವನ್ನು ಮಾತ್ರ ನಾನು ಚೆಂದಾಗಿ ದಾಟಿದ್ದೆ!

“ಅಳಿಯಂದ್ರ, ಮಷೀನ್ ಭಾಳ ಛಲೋ ಐತಿ,” ಅಂದರು ಸಮಾಧಾನವಾಗಿ. “ತಿರುವು ಬಂದಾಗೆಲ್ಲ ನೀವು ಮೂಲ್ಯಾಗಿನ ಅಂಕಿ ನೋಡಾಕತ್ತಿದ್ರಿ. ಮೀಟರ್ ನೋಡಾಕ ನಾ ಕುಂತೀನಲ್ರಿ. ನೀವು ರಸ್ತಾ ನೋಡ್ರಿ.”

ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. (ಅಂಕಿ ಇಲ್ಲದಾಗಲೂ ಗುದ್ದುತ್ತಿದ್ದಿರಲ್ಲ ಎನ್ನುವವರು ದಯವಿಟ್ಟು ಪತ್ರ ಬರೆಯಬೇಡಿ.) ಆದರೆ ನಾವು ಸಾಫ್ಟ್‌ವೇರ್ ಜನ ದಿನವಿಡೀ ಮಾಡುವುದೂ ಇದೇ ಅಲ್ಲವೇ? ಕೆಲಸ ಬಿಟ್ಟು ಕೆಲಸದ ಗ್ರಾಫ್ ನೋಡುತ್ತೇವೆ. ಗ್ರಾಫ್ ಚೆನ್ನಾಗಿದ್ದರೆ ಮನೆಗೆ ಹೋಗುತ್ತೇವೆ.

ಅಷ್ಟಕ್ಕೇ ಬಿಡಲಿಲ್ಲ ನಮ್ಮ ಮಾವ. ಕಾರ್ಖಾನೆಯ ರೂಢಿಯಂತೆ ಕೊನೆಯ ಸಾಲಿನಲ್ಲಿ ಷರಾ ಬರೆದರು: ‘ಯಂತ್ರ ಸುಸ್ಥಿತಿಯಲ್ಲಿದೆ. ಆಪರೇಟರ್ ಅವರನ್ನು ಬದಲಿಸತಕ್ಕದ್ದು.’ ಕೆಳಗೆ ಮೇಲಧಿಕಾರಿಯ ಸಹಿಗೆ ಜಾಗ ಬಿಟ್ಟು ಮಗಳನ್ನು ಕರೆದರು. ಸುನೀತಾ ಕೈ ಒರೆಸಿಕೊಳ್ಳುತ್ತಾ ಬಂದಳು, ಓದಿದಳು, ಪೆನ್ನು ಇಸಿದುಕೊಂಡು ಸಹಿ ಹಾಕಿದಳು.

ಗ್ರಾಫಿಕ್ಸ್ ಕಾರ್ಡ್ ಹೋಗಲಿ ಬಿಡಿ, ಕೈಹಿಡಿದ ಹೆಂಡತಿ ಅಂಥ ಷರಾಕ್ಕೆ ಸಹಿ ಹಾಕುವ ಮುಂಚೆ ಒಂದು ನಿಮಿಷವಾದರೂ ಯೋಚಿಸಬಾರದಿತ್ತೇ?